ಶ್ರುತಿಗೆ ಬಾರದ ಮದ್ದಳೆ

ಕರ್ಕಿಯ ಮಹಾದೇವ ಹೊನ್ನಾವರದ ಸಾಮಿಲ್ಲಿನಲ್ಲಿ ಮರ ಕೊಯ್ಯುವ ಕೆಲಸಕ್ಕೆ ಸೇರಿ ಇಪ್ಪತ್ತೆಂಟು ವರ್ಷವಾಯಿತು. ಅಷ್ಟೂ ವರ್ಷ ಅವನು ಎರಡೂ ಕಿವಿಗೆ ಹತ್ತಿ ತುಂಬಿಕೊಂಡೇ ದುಡಿದಿದ್ದಾನೆ. ಜೊತೆಯವರು, "ಮದುಮಗಳ ಮೂಗುತಿ ಕಾದಂಗೆ ಕಿವಿ ಕಾಯ್ತಾ ಇದ್ದೀಯಲ್ಲ ಮಾರಾಯಾ" ಎಂದು ಕಿಚಾಯಿಸುತ್ತಾರೆ. ಅವನು ಹತ್ತಿಯ ನೆಪದಲ್ಲಿ ಕೇಳಿಸದಂತೆ ಇದ್ದುಬಿಡುತ್ತಾನೆ. ಸಂಜೆ ಹತ್ತಿ ತೆಗೆದ ಮೇಲೆ ಅವನು ಬೇರೆಯೇ ಮನುಷ್ಯ. ಆಟವಿದ್ದ ದಿನ ಯಕ್ಷಗಾನ ಮೇಳದ ಮದ್ದಳೆಗಾರ.

ಮದ್ದಳೆ ಶ್ರುತಿಗೆ ಕೂಡುವ ಮೊದಲು ಅದರ ಒಂದು ಪೆಟ್ಟೂ ಹೊರಗಿನವರ ಕಿವಿಗೆ ಬೀಳಬಾರದು ಎಂಬುದು ಅವನ ಹಟ. ಚೌಕಿಯಲ್ಲಿ ವೇಷದವರು ಬಣ್ಣ ಹಚ್ಚಿಕೊಳ್ಳುತ್ತಿರುವಾಗ ಅವನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಸಣ್ಣ ಸುತ್ತಿಗೆಯಿಂದ ಅಂಚಿನ ಚರ್ಮವನ್ನು ಬಡಿದು, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಬಡಿಯುತ್ತಾನೆ. ಯಾರಾದರೂ ಇಣುಕಿದರೆ ಕೈ ನಿಲ್ಲಿಸುತ್ತಾನೆ. ಅರ್ಧ ಬಣ್ಣದ ಮುಖವನ್ನು ರಂಗಸ್ಥಳಕ್ಕೆ ಯಾರು ತರುತ್ತಾರೆ?

ಕುಮಟೆಯ ಹರಿಹರನಿಗೆ ಇದೆಲ್ಲ ಗೊತ್ತಿರಲಿಲ್ಲ. ಮೊಬೈಲ್ ಅಂಗಡಿಯೊಂದರ ಮಾಳಿಗೆಯಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡ ಹುಡುಗ ಅವನು. ಕಂಪ್ಯೂಟರಿನಲ್ಲಿ ಸದ್ದುಗಳನ್ನು ಕತ್ತರಿಸಿ, ಎಳೆದು, ಒಂದರ ಮೇಲೊಂದು ಪೇರಿಸಿ ಸಂಗೀತ ಮಾಡುತ್ತಾನೆ. ದೀಪಾವಳಿ ಕಳೆದ ಮೇಲೆ ಕರ್ಕಿಗೆ ಬಂದು ಮಹಾದೇವನ ಮದ್ದಳೆಯನ್ನು ರೆಕಾರ್ಡ್ ಮಾಡಿಕೊಂಡು ಹೋಗಿದ್ದ. ಮಹಾದೇವ ಒಂದು ಗಂಟೆ ಮನಸ್ಸಿಟ್ಟು ಬಾರಿಸಿದ್ದ. ಹೆಂಡತಿ ಕುಸುಮಾ ಬಂದವನಿಗೆ ಅವಲಕ್ಕಿ ಕೊಟ್ಟಿದ್ದಳು.

ಮೊನ್ನೆ ಶುಕ್ರವಾರ ಭಟ್ಕಳದಿಂದ ವಿಘ್ನೇಶ್ವರ ಭಾಗವತರ ಫೋನು ಬಂತು. ಮೇಳಕ್ಕೆ ಯಾರು ಬೇಕು, ಯಾರು ಬೇಡ ಎಂದು ತೀರ್ಮಾನಿಸುವವರು ಅವರೇ.

"ಮಾದೇವಾ, ಯೂಟ್ಯೂಬಲ್ಲಿ 'ಅಳಿವೆ' ಹೇಳಿ ಒಂದು ಆಲ್ಬಮ್ ಬಂದಿದೆ. ಮದ್ದಳೆ ಕರ್ಕಿ ಮಹಾದೇವ ಅಂತ ನಿನ್ನ ಹೆಸರಿದೆ. ಮೂರನೇದು ಕೇಳಿದ್ಯಾ? ಶ್ರುತಿಯೇ ಇಲ್ಲ! ಕೊನೇದೊಂದು ಮಾತ್ರ ಲಾಯ್ಕಿದೆ. ನಿಂಗೆ ವಯಸ್ಸಾತಾ ಎಂತ? ಮುಂದಿನ ವರ್ಷದ್ದು ವಿಚಾರ ಮಾಡ್ಬೇಕಾಗ್ತದೆ, ಹಾಂ."

ಆ ರಾತ್ರಿ ಮಹಾದೇವ ಊಟದ ತಟ್ಟೆಯನ್ನು ಹಾಗೇ ಸರಿಸಿದ. "ಹೋಗಿ ಆ ಆಲ್ಬಮ್ ಕೇಳಿ ಬಂದು ಸಿಟ್ಟು ಮಾಡಿ. ಕೇಳದೇ ಎಂತಕ್ಕೆ?" ಎಂದಳು ಕುಸುಮಾ. ಭಾನುವಾರ ಬೆಳಿಗ್ಗೆ ಅವನು ಕುಮಟೆಯ ಬಸ್ಸು ಹತ್ತಿದ. ನನ್ನ ಹೆಸರು ಅಳಿಸು ಎಂದು ಹರಿಹರನಿಗೆ ಹೇಳುವುದೊಂದೇ ಅವನ ಮನಸ್ಸಿನಲ್ಲಿತ್ತು.

"ಬನ್ನಿ ಮಾದೇವಣ್ಣ! ಚಾ ತರಿಸ್ತೆ."

"ಚಾ ಬೇಡ. ಹಾಕು ಅದನ್ನ. ಮೊದಲಿಂದ ಹಾಕು."

ಹರಿಹರ ದೊಡ್ಡ ಹೆಡ್‌ಫೋನನ್ನು ಅವನ ತಲೆಗೆ ಸಿಕ್ಕಿಸಿದ. ಮೊದಲನೆಯದರಲ್ಲಿ ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿನ ದೋಣಿ ಎಂಜಿನ್ನಿನ ಸದ್ದು. ನೀರಿನೊಳಗೆ ಮುಳುಗಿ ಕೇಳಿದ ಹಾಗಿತ್ತು. ಎರಡು ನಿಮಿಷ ಸಾಕಿತ್ತು, ಹುಡುಗ ಒಂಬತ್ತು ನಿಮಿಷ ಎಳೆದಿದ್ದಾನೆ ಎಂದು ಮಹಾದೇವನಿಗೆ ಅನ್ನಿಸಿತು. ಎರಡನೆಯದು ಬರೀ ಗುಂಯ್‌ಗುಡುವಿಕೆ, ಸಾಮಿಲ್ಲಿನ ಮೋಟಾರೇ ವಾಸಿ. ಮೂರನೆಯದು ಶುರುವಾದದ್ದೇ ಅವನ ಬೆನ್ನು ನೆಟ್ಟಗಾಯಿತು.

ಅದು ಅವನು ಬಾರಿಸಿದ್ದಲ್ಲ. ಬಾರಿಸುವ ಮೊದಲು ಗೋಡೆಗೆ ಮುಖ ಮಾಡಿ ಶ್ರುತಿ ಮಾಡಿದ್ದು! ಸುತ್ತಿಗೆಯ ಪೆಟ್ಟು, ಸಡಿಲ ಚರ್ಮದ ಪೊಳ್ಳು ನಾದ, ಬೆರಳಿನ ತಟ್ಟು, ನಡುವೆ ಅವನು ಉಸಿರು ಬಿಟ್ಟದ್ದು ಕೂಡ.

ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಕುಕ್ಕಿದ. "ತಮಾ, ಬಚ್ಚಲ ಬಾಗಿಲು ತೆಗೆದು ಫೋಟೋ ಹೊಡೀತಾರನೋ? ಒಂದು ಗಂಟೆ ಬಾರ್ಸಿದ್ನಲ್ಲ, ಅದೆಲ್ಲಿ?"

"ಅದೂ ಇದೆ ಮಾದೇವಣ್ಣ. ಆದ್ರೆ ಅಂಥದ್ದು ಎಲ್ಲಾ ಕಡೆ ಸಿಗ್ತದೆ. ಇದನ್ನ ಯಾರೂ ಕೇಳಿಲ್ಲ."

"ಯಾರೂ ಕೇಳ್ಬಾರ್ದು ಹೇಳೇ ಗೋಡೆ ಕಡೆ ತಿರುಗಿದ್ದು! ಮೈಕ್ ಹಾಕಿದ್ದೆ ಅಂತ ಒಂದು ಮಾತು ಹೇಳಿದ್ಯಾ?"

ಹುಡುಗ ತಲೆ ತಗ್ಗಿಸಿದ. "ಇಲ್ಲ. ತಪ್ಪಾತು. ಪೂರ್ತಿ ಒಂದು ಸಲ ಕೇಳಿ, ಆಮೇಲೆ ನೀವು ಹೇಳಿದಂಗೆ."

ಮಹಾದೇವ ಸಿಟ್ಟಿನಲ್ಲೇ ಮತ್ತೆ ಕೇಳಿದ. ಮದ್ದಳೆಯ ಕೆಳಗೆ ಹುಡುಗ ಒಂದು ಶ್ರುತಿ ಹಿಡಿಸಿದ್ದ. ಅದು ನಿಂತಲ್ಲಿ ನಿಂತಿರಲಿಲ್ಲ. ಕೂದಲೆಳೆಯಷ್ಟೇ ಕೆಳಗಿಳಿಯುತ್ತ ಮದ್ದಳೆಯನ್ನು ಹುಡುಕಿಕೊಂಡು ಬರುತ್ತಿತ್ತು. ಮದ್ದಳೆ ಪೆಟ್ಟಿಗೊಮ್ಮೆ ಮೇಲೇರುತ್ತಿತ್ತು. ಏಳನೇ ನಿಮಿಷಕ್ಕೆ ಎರಡೂ ಕೂಡಿದವು. ಕೂಡಿದ ಕ್ಷಣದಲ್ಲೇ ಅದು ಮುಗಿಯಿತು. ಮೂವತ್ತು ವರ್ಷ ಅವನೊಬ್ಬನೇ ಕೇಳಿದ್ದ ಕ್ಷಣ ಅದು. ಸಿಟ್ಟು ಹೋಗಲಿಲ್ಲ. ಆದರೆ ಸುಳ್ಳು ಎನ್ನಲು ಬಾಯಿ ಬರಲಿಲ್ಲ.

ಈ ಸಲ ಅವನು ಹೆಡ್‌ಫೋನು ಕಿತ್ತು ಕುಕ್ಕದ್ದನ್ನು ಕಂಡು ಹರಿಹರನಿಗೆ ಧೈರ್ಯ ಬಂತು. "ಕೊನೇದು ಕೇಳಿ. ಅದು ನಿಮಗೆ ಖುಷಿಯಾಗ್ತದೆ. ಪೂರಾ ಶ್ರುತಿಯಲ್ಲಿದೆ."

ಕೊನೆಯದರಲ್ಲಿ ಮದ್ದಳೆ ಮೊದಲ ಪೆಟ್ಟಿನಿಂದಲೇ ಶ್ರುತಿಗೆ ಸರಿಯಾಗಿತ್ತು. ಎಂಟು ಪೆಟ್ಟು ಕೇಳಿ ಮಹಾದೇವ ಕೈ ಎತ್ತಿದ.

"ಇದನ್ನ ಯಾರು ಬಾರ್ಸಿದ್ದು?"

"ನೀವೇ."

"ಸುಳ್ಳು ಹೇಳ್ಬೇಡ. ಚರ್ಮ ಬಿಗಿಯಾದ್ರೆ ನಾದ ಗಿಡ್ಡಾಗ್ತದೆ, ಟಣ್ ಹೇಳಿ ಕಡೀತದೆ. ಇಲ್ಲಿ ಚರ್ಮ ಜೋತಾಡ್ತಾ ಇದೆ, ಶ್ರುತಿ ಮಾತ್ರ ಮೇಲಿದೆ. ಇದು ಎಂತ ಮಾಯೆ?"

ಹರಿಹರನ ಮುಖ ಕೆಂಪಾಯಿತು. "ಅದೇ ಸಡಿಲ ಇದ್ದಾಗಿನ ಪೆಟ್ಟು. ಕಂಪ್ಯೂಟರಲ್ಲಿ ಮೇಲೆತ್ತಿದೆ. ನಿಮ್ಮ ಹೆಸರಿಗೆ ಕುಂದು ಬರಬಾರದು ಹೇಳಿ."

ಆಗ ಬಂದ ಸಿಟ್ಟಿನ ಮುಂದೆ ಬಸ್ಸಿನಲ್ಲಿ ಹೊತ್ತು ತಂದದ್ದು ಏನೂ ಅಲ್ಲ. ಮಹಾದೇವ ಎದ್ದು ನಿಂತ. "ಶ್ರುತಿ ಇಲ್ಲದ್ದು ನಂದು ತಮಾ. ನಾಚಿಕೆಯಾದ್ರೂ ನಂದೇ. ಆದ್ರೆ ಈ ಬೆರಳು ಕೂಡಿಸದ ಶ್ರುತಿನ ನನ್ನ ತಲೆಗೆ ಕಟ್ತೀಯಾ? ತೆಗಿ ಅದನ್ನ. ಈಗಲೇ, ನನ್ನ ಕಣ್ಣೆದುರಿಗೆ."

"ಜನರಿಗೆ ಅದೇ ಹೆಚ್ಚು ಇಷ್ಟ ಆಗಿದೆ, ಮಾದೇವಣ್ಣ..."

"ತೆಗಿ!"

ಹುಡುಗ ಅಳಿಸಿದ. "ಮೂರನೇದು?" ಎಂದು ಮೆಲ್ಲಗೆ ಕೇಳಿದ.

"ಇರಲಿ. ಹೆಸರೂ ಇರಲಿ. ಶ್ರುತಿ ಮಾಡುವಾಗ ಕೇಳಿಸಿಕೊಂಡದ್ದು ಅಂತ ಅದರ ಕೆಳಗೆ ಬರೆ. ಒಪ್ಪಿಗೆ ಕೇಳದೇ ಮೈಕ್ ಹಾಕಿದ್ದೆ ಅಂತಲೂ ಬರೆ."

ಹರಿಹರ ಬರೆಯುತ್ತಿರುವಾಗಲೇ ಮಹಾದೇವ ಭಟ್ಕಳಕ್ಕೆ ಫೋನು ಹಚ್ಚಿದ.

"ಭಾಗವತ್ರೇ, ನೀವು ಮೆಚ್ಚಿದ ಕೊನೇದು ಯಂತ್ರದ್ದು. ತೆಗೆಸಿದೆ. ಬೈದ ಮೂರನೇದು ನಂದು, ಅದು ಇರ್ತದೆ. ಅರ್ಧ ಕೇಳಿ ಬಿಟ್ಟಿದ್ದೀರಿ. ಕೂಡುವವರೆಗೆ ಕೇಳ್ಬೇಕಿತ್ತು."

"ಎಂತದೋ, ನಂಗೇ ಪಾಠ ಹೇಳ್ತೀಯಾ?"

"ಹೌದು. ಮೇಳಕ್ಕೆ ಬೇಡ ಅಂತಾದ್ರೆ ಬೇಡ. ಅದನ್ನ ಕರ್ಕಿಗೆ ಬಂದು, ಮದ್ದಳೆ ಎದುರು ಕೂತು ಹೇಳಿ. ಚರ್ಮ ಪೂರಾ ಸಡಿಲ ಬಿಟ್ಟು, ನಿಮ್ಮ ಕಣ್ಣೆದುರಿಗೇ ಕೂಡಿಸ್ತೆ."

ಭಾಗವತರು ಕೆಮ್ಮಿದರು. "ಗೋಡೆಗೆ ತಿರುಗಿ ಕೂರುವವ ನೀನು. ನನ್ನೆದುರು ಮಾಡ್ತೀಯಾ?"

"ಮಾಡ್ತೆ."

"ಆತು. ಬುಧವಾರ ಬತ್ತೆ."