ಬಾಲಕ್ಕೆ ಕಟ್ಟಿದ ನಿಂಬೆಹಣ್ಣು

ಹೋದ ವರ್ಷದ ಚಳಿಗಾಲ. ಅಲ್ಲಿಯವರೆಗೂ ತೂಬಗೆರೆ ಸುತ್ತಿನ ದ್ರಾಕ್ಷಿ ತೋಟಗಳಿಗೆ ಔಷಧಿ ಹೊಡೆಯುವುದು ನನ್ನ ಕಸುಬಾಗಿತ್ತು. ಆಗ ಬಡ್ತಿ ಸಿಕ್ಕಿತು ನೋಡಿ: ಮೊಮ್ಮಗಳು ಪವಿತ್ರಾಳಿಗೆ ಸಹಾಯಕ! ಹಾರಿಸುವ ತರಬೇತಿ ಮುಗಿಸಿದ ಅವಳು, ಔಷಧಿ ಸಿಂಪಡಿಸುವ ರಿಮೋಟ್ ಹೆಲಿಕಾಪ್ಟರ್ ತಂದಿದ್ದಳು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೂ ಆ ಹೆಲಿಕಾಪ್ಟರಿನ ಸಂಗತಿ ಶುರುಮಾಡಿದರೆ ಈಗಲೂ ಬಾಯಿ ನಿಲ್ಲುವುದಿಲ್ಲ.

ಮೊದಲ ಗಿರಾಕಿ ಮುನಿಯಮ್ಮ. ಅವರ ದ್ರಾಕ್ಷಿ ಚಪ್ಪರದಲ್ಲಿ ಎಲೆಗಳ ಅಡಿಭಾಗಕ್ಕೆ ಬೂಜು ಹಿಡಿದಿತ್ತು.

"ಹೋದ ಸಲ ನಾಲ್ಕು ಫ್ಯಾನಿನ ಡ್ರೋನ್ ಬಂದಿತ್ತು. ಮೇಲೆ ನೆನೀತು, ಕೆಳಗೆ ಒಣಗೇ ಇತ್ತು. ನಿಮ್ದೂ ಹಂಗೇ ಆದ್ರೆ ಈ ಕಡೆ ಮತ್ತೆ ಬರ್ಬೇಡಿ," ಎಂದರು. ಅವರು ಬೇಡವೆಂದರೆ ಊರಲ್ಲಿ ಇನ್ಯಾರೂ ನಮ್ಮನ್ನು ಕರೆಯುತ್ತಿರಲಿಲ್ಲ.

ನಾಲ್ಕು ಫ್ಯಾನಿನದು ಹಾರಿಸಲು ಸುಲಭ, ಆದರೆ ಬ್ಯಾಟರಿ ಬೇಗ ಮುಗಿಯುತ್ತದೆ ಎಂದು ಪವಿತ್ರಾ ನನಗೆ ಮೊದಲೇ ಹೇಳಿದ್ದಳು. ನಮ್ಮದಕ್ಕೆ ತಲೆಯ ಮೇಲೆ ಒಂದೇ ದೊಡ್ಡ ಫ್ಯಾನು, ಅದಕ್ಕೆ ರೋಟರ್ ಎನ್ನುತ್ತಾರೆ. ಅಷ್ಟೇ ಶಕ್ತಿಯಲ್ಲಿ ಹೆಚ್ಚು ಭಾರ ಹೊರುತ್ತದೆ, ಗಾಳಿಯನ್ನು ಅಗಲಕ್ಕೆ ತಳ್ಳಿ ಎಲೆ ಅಲುಗಿಸುತ್ತದೆ. ಹಾರಿಸುವವರು ಮಾತ್ರ ಕಣ್ಣು ಮಿಟುಕಿಸುವಂತಿಲ್ಲ.

ಹೊಸ ಯಂತ್ರ ಪೂಜೆಯಿಲ್ಲದೆ ತೋಟಕ್ಕೆ ಬರುವುದುಂಟೆ? ಮುನಿಯಮ್ಮ ಕುಂಕುಮ ಇಟ್ಟು, ಕಾಯಿ ಒಡೆದು, ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿದ ದಾರವನ್ನು ಬಾಲದ ತುದಿಯ ಪುಟ್ಟ ಫ್ಯಾನಿನ ಪಕ್ಕದಲ್ಲೇ ಕಟ್ಟಿಬಿಟ್ಟರು.

"ಅಯ್ಯೋ ಅಜ್ಜಿ, ಅಲ್ಲಿ ಬೇಡ!" ಎಂದು ಪವಿತ್ರಾ ಕೂಗಿದಳು.

"ಯಾಕೆ, ಟ್ರಾಕ್ಟರಿಗೆ ಕಟ್ಟಲ್ವಾ? ಬಿಚ್ಚಿದ್ರೆ ನನ್ನ ತೋಟದಲ್ಲಿ ಹಾರಿಸೋದೇ ಬೇಡ."

ದಾರ ಬಿಚ್ಚಲು ಚಾಚಿದ ಕೈಯನ್ನು ನಾನು ಹಿಂದಕ್ಕೆ ಎಳೆದುಕೊಂಡೆ. ಪವಿತ್ರಾ ಮಾತ್ರ ಸಮಾಧಾನವಾಗಿ ಹೇಳಿದಳು: "ಮೇಲಿನ ರೋಟರ್ ಒಂದು ಕಡೆ ತಿರುಗಿದ್ರೆ, ಮೈ ಇನ್ನೊಂದು ಕಡೆ ತಿರುಗೋಕೆ ನೋಡುತ್ತೆ ಅಜ್ಜಿ. ಅದನ್ನ ತಡೆಯೋದೇ ಈ ಬಾಲದ ಫ್ಯಾನು. ಇದಕ್ಕೆ ದಾರ ಸುತ್ಕೊಂಡ್ರೆ ಹೆಲಿಕಾಪ್ಟರ್ ಬುಗುರಿ ಆಗೋಗುತ್ತೆ."

"ಹಂಗಾದ್ರೆ ಬಾಲದ ಫ್ಯಾನ್ ಇಲ್ದಿರೋದು ತರ್ಬೇಕಿತ್ತು!"

"ಅದೂ ಇದೆ. ಒಂದರ ಮೇಲೊಂದು ಎರಡು ರೋಟರ್, ಎದುರುಬದುರು ತಿರುಗುತ್ವೆ. ಆದ್ರೆ ಒಳಗೆ ಗೇರು ಜಾಸ್ತಿ, ಭಾರ ಜಾಸ್ತಿ. ಔಷಧಿ ಕಮ್ಮಿ ತುಂಬ್ಬೇಕು, ಕೆಟ್ರೆ ರಿಪೇರಿನೂ ಕಷ್ಟ."

ಮುನಿಯಮ್ಮ ಬಾಲ ನೋಡಿದರು. ನನ್ನನ್ನು ನೋಡಿದರು. ದಾರ ಬಿಚ್ಚಿದರು.

"ನೀನೂ ಈ ಯಂತ್ರದ ಜೊತೆಗಾರನೇ ಅಲ್ವಾ? ಬಗ್ಸಯ್ಯ ಕತ್ತು!"

ನಿಂಬೆಹಣ್ಣು ನನ್ನ ಕೊರಳಿಗೆ ಬಿತ್ತು. ಹೆಲಿಕಾಪ್ಟರ್ ಎದ್ದಿತು! ಮೊದಲ ಸುತ್ತಿಗೆ ಬರೀ ನೀರು. ಚಪ್ಪರದ ಎಲೆಗಳೆಲ್ಲ ಹೊರಳಿ ಬೆಳ್ಳಗೆ ಹೊಟ್ಟೆ ತೋರಿಸಿದವು. ಪವಿತ್ರಾ ಯಂತ್ರವನ್ನು ಹೂವಿನಂತೆ ಇಳಿಸಿದಳು. ಮುನಿಯಮ್ಮ ಚಪ್ಪರದಡಿ ನುಗ್ಗಿ ಒಂದೆಲೆ ತಿರುವಿದರು.

"ನೆಂದೈತೆ ಕಣಮ್ಮೀ! ಔಷಧಿ ತುಂಬು!"

ಕುಣಿಯುವ ವಯಸ್ಸಲ್ಲ, ಆದರೂ ಕುಣಿದೆ.

ಎಲ್ಲದಕ್ಕೂ ಸೈ ಎನ್ನುವ ಯಂತ್ರವಿಲ್ಲ; ತೋಟ ನೋಡಿ ಆರಿಸಬೇಕು, ಆರಿಸಿದ್ದರ ಕಾಟವನ್ನೂ ಒಪ್ಪಿಕೊಳ್ಳಬೇಕು. ಕೆಲಸ ಕಲಿಸಿದ ಪಾಠ ಇದು. ಈಗ ಊರೆಲ್ಲ ನಮ್ಮನ್ನು ಕರೆಯುತ್ತದೆ. ಪ್ರತಿ ತೋಟದಲ್ಲೂ ಕುಂಕುಮ ಯಂತ್ರಕ್ಕೆ, ನಿಂಬೆಹಣ್ಣು ನನ್ನ ಕೊರಳಿಗೆ.