ಗೊಂಬೆಯ ಕೂದಲು ಕತ್ತರಿಸಿದ್ದು ಯಾರು

ಜಯನಗರದ ನಮ್ಮ ಮನೆಯಲ್ಲಿ ನಾನು ಹಳೆಯ ವಿನೈಲ್ ಗೊಂಬೆಗಳನ್ನು ರಿಪೇರಿ ಮಾಡುತ್ತೇನೆ. ಒಮ್ಮೆ ಅರವತ್ತು ದಾಟಿದ ಹೆಂಗಸೊಬ್ಬರು ತಮ್ಮ ಬಾಲ್ಯದ ಗೊಂಬೆ ತಂದರು. ತಲೆಯ ಹಿಂಭಾಗದಲ್ಲಿ ಬರೀ ಮೋಟು ಕೂದಲು.

"ನನ್ನ ತಂಗಿ ಕತ್ತರಿಸಿದ್ದು. ನಾನು ಹೇಳಿದ್ದಕ್ಕೆ ಅಮ್ಮನ ಕೈಲಿ ಏಟು ತಿಂದ್ಲು. ಇವತ್ತಿಗೂ ಒಪ್ಕೊಂಡಿಲ್ಲ," ಎಂದರು.

ಹೊಸ ಕೂದಲು ಪೋಣಿಸಲು ಮೋಟು ಎಳೆಗಳನ್ನು ಕಿತ್ತು, ತಲೆಯನ್ನು ಸೋಪುನೀರಿನಲ್ಲಿ ತೊಳೆದೆ. ಕೊಳೆ ಹೋದ ಮೇಲೆ ಸಣ್ಣ ಸಣ್ಣ ಹಲ್ಲಿನ ಗುರುತುಗಳು ಕಂಡವು. ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ, ಕೊನೆಗೆ ಅವರನ್ನು ಕರೆದು ತೋರಿಸಿದೆ.

"ಮೇಡಂ, ಇದು ಕತ್ತರಿ ಅಲ್ಲ. ಇಲಿ ಕಡಿದಿರೋದು."

ಅವರು ಆ ಗುರುತುಗಳ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ ನನ್ನೆದುರೇ ಗಿರಿನಗರದಲ್ಲಿದ್ದ ತಂಗಿಗೆ ಫೋನ್ ಮಾಡಿದರು.

"ಗೊಂಬೆ ಕೂದಲು ಕಡಿದಿದ್ದು ಇಲಿ ಕಣೇ. ಸುಮ್ಸುಮ್ನೆ ನಿಂಗೆ ಏಟು ತಿನ್ನಿಸಿಬಿಟ್ಟೆ," ಎಂದರು.

ಆ ಕಡೆಯ ನಗು ನನಗೂ ಕೇಳಿಸಿತು. "ನಾನಲ್ಲ ಅಂತ ಅವತ್ತಿಂದ ಹೇಳ್ತಾನೇ ಇದೀನಲ್ಲ ಅಕ್ಕ!"

ಮುಂದಿನ ವಾರ ಗೊಂಬೆ ಒಯ್ಯಲು ಇಬ್ಬರೂ ಬಂದರು. ಹೊಸ ಕೂದಲಿಗೆ ಜಡೆ ಹಾಕುವ ಕೆಲಸವನ್ನು ಅಕ್ಕ ತಂಗಿಗೇ ಬಿಟ್ಟರು. ತಂಗಿ ನನ್ನ ಮೇಜಿನ ಮುಂದೆ ಕೂತು, ಅವಸರವಿಲ್ಲದೆ ಎರಡು ಜಡೆ ಹೆಣೆದರು.