ಅಕ್ಕನ ಸಾಸಿವೆ ಚೀಲ

ಮಗ್ಗದ ಕಂಡಿಕೆಗೆ ನೂಲು ಸುತ್ತುವಾಗ ಅಕ್ಕನ ಎಡಗೈ ಆಗಾಗ ಎದೆಗೆ ಹೋಗಿ ಬರುತ್ತಿತ್ತು. ಕ್ಯಾನ್ಸರ್ ಬಂದು ಆ ಕಡೆಯ ಮೊಲೆ ತೆಗೆದ ಮೇಲೆ, ಹಳೆ ಪಂಚೆಯಲ್ಲಿ ಚೀಲ ಹೊಲಿದು, ಸಾಸಿವೆ ತುಂಬಿ, ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದಳು. ಜಾರಿದರೆ ಏನು ಮಾಡುತ್ತೀಯ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಒಗ್ಗರಣೆಗಾಯ್ತದೆ ಬುಡ್ಲಾ" ಎಂದು ನಕ್ಕಿದ್ದಳು.

ಯಳಂದೂರಿನ ನಂಟರ ಮದುವೆಯಲ್ಲಿ ಅದು ಜಾರಿಯೇ ಬಿಟ್ಟಿತು. ಬಡಿಸಲು ಬಗ್ಗಿದವಳ ಸೆರಗಿನಡಿ ಗಂಟಾಗಿ ನಿಂತಿತು. ಪಂಕ್ತಿಯವರೆಲ್ಲ ತಮ್ಮ ತಮ್ಮ ಎಲೆ ನೋಡತೊಡಗಿದರು. ಆಮೇಲೆ ಅಕ್ಕ ನಾಲ್ಕು ಜನ ಸೇರುವ ಕಡೆ ಹೋಗಲಿಲ್ಲ. ಕೊಳ್ಳೇಗಾಲದ ನಮ್ಮ ಮಗ್ಗದ ಮನೆಯೊಳಗೇ ಉಳಿದಳು.

ಮೈಸೂರಿನ ಆಸ್ಪತ್ರೆಯ ಡಾಕ್ಟರಮ್ಮ ಒಂದು ದಾರಿ ಹೇಳಿದರು. ಸಿಲಿಕೋನ್ ಚೀಲ ಇಟ್ಟು ಎದೆ ತುಂಬಿಸಬಹುದು. ಅದನ್ನು ಹಿಡಿದು ನಿಲ್ಲಿಸಲು ಅಂಟು ತೆಗೆದ ರೇಷ್ಮೆ ನೂಲಿನ ಬಲೆ. ಬಲೆ ನಿಧಾನಕ್ಕೆ ಕರಗಿ ಆ ಜಾಗದಲ್ಲಿ ನಿಮ್ಮದೇ ಮಾಂಸ ಕೂರುತ್ತದೆ. ಇದಿನ್ನೂ ಸಂಶೋಧನೆ, ಖರ್ಚು ಆಸ್ಪತ್ರೆಯದು, ಬೇಡವೆಂದರೂ ಸರಿ ಎಂದರು. ಬಸ್ಸಿನಲ್ಲಿ ಅಕ್ಕ ತನ್ನಷ್ಟಕ್ಕೇ ನಗುತ್ತಿದ್ದಳು. "ಜಲ್ಮೆಲ್ಲ ಊರೋರ ಮೈಮೇಲ್ಕೆ ರೇಸ್ಮೆ ನೇಯ್ದೊ. ನನ್ ಮೈಯೊಳಿಕ್ಕೂ ಒಸಿ ಓಗ್ಲಿ."

ನನಗೆ ಅನುಮಾನ. ಬಿಟ್ಟಿ ಯಾಕೆ ಮಾಡುತ್ತಾರೆ? ದೊಡ್ಡಾಸ್ಪತ್ರೆಯವರು ಬಡವರ ಮೈಮೇಲೆ ಕೈ ಪಳಗಿಸುತ್ತಾರೆ ಎಂದು ಹನೂರಿನ ಬಸ್ಸಿನಲ್ಲಿ ಯಾರೋ ಹೇಳಿದ್ದು ತಲೆಯಲ್ಲಿತ್ತು. ಡಾಕ್ಟರಮ್ಮ ಅಷ್ಟು ಮೆತ್ತಗೆ ಮಾತಾಡಿದ್ದಂತೂ ಇನ್ನೂ ಸರಿಕಾಣಲಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಮಗ್ಗಕ್ಕೆ ಕೂತ ನನಗೆ ರೇಷ್ಮೆ ಬಿಟ್ಟರೆ ಬೇರೇನೂ ತಿಳಿಯದು. ಅದರಲ್ಲೇ ಪರೀಕ್ಷೆ ಮಾಡಿದೆ. ಉಪ್ಪು ನೀರಿನಲ್ಲಿ ನೂಲು ನೆನೆಹಾಕಿ, ಒಲೆ ಪಕ್ಕ ಬೆಚ್ಚಗಿಟ್ಟು, ನಾರತೊಡಗಿದ ಮೇಲೆ ಅಕ್ಕನ ಮೂಗಿಗೆ ಹಿಡಿದೆ.

"ನೋಡಕ್ಕ, ನಿನ್ನೊಳಗೂ ಇಂಗೇ ಕೊಳೀತದೆ."

ನಾನು ಹಾಕಿದ್ದು ಸೋಪಿನ ನೀರಲ್ಲಿ ಬೇಯಿಸಿ ಅಂಟು ತೆಗೆಯದ ಹಸಿ ನೂಲು. ನಾರುವುದು ಆ ಅಂಟೇ ಎಂದು ನನಗೆ ಗೊತ್ತಿತ್ತು. ಬೇಯಿಸಿದ ನೂಲು ಪಕ್ಕದ ಬುಟ್ಟಿಯಲ್ಲೇ ಇತ್ತು.

ಅಕ್ಕ ಎಳೆಯನ್ನು ಹೆಬ್ಬೆರಳಿನಲ್ಲಿ ಉಜ್ಜಿದಳು. ನನ್ನ ಮುಖ ನೋಡಿದಳು. ಆಸ್ಪತ್ರೆಗೆ ಬೇಡವೆಂದು ಹೇಳಿ ಕಳಿಸಿದಳು.

ಕೆಲವು ವರ್ಷಕ್ಕೆ ಕಾಯಿಲೆ ಮರುಕಳಿಸಿತು. ಅವಳು ಆ ಆಪರೇಷನ್ ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರಮ್ಮ. ಅವರ ಮಾತುಗಳಲ್ಲಿ ನಾನು ಕೇಳಿದ ಕೂಡಲೇ ನಂಬಿದ್ದು ಅದೊಂದನ್ನೇ.

ಹಾಸಿಗೆ ಹಿಡಿದ ಮೇಲೆ ಅಕ್ಕನೇ ಮಾತು ತೆಗೆದಳು. "ಅವತ್ತು ಹಸಿ ನೂಲ್ ನೆನೆಯಾಕಿದ್ದೆ ಕಣ್ಲಾ. ಮುಟ್ಟಿದೇಟ್ಗೇ ಗೊತ್ತಾಯ್ತು."

ಮತ್ತೆ ಯಾಕೆ ಸುಮ್ಮನಾದೆ ಎಂದೆ.

"ನೀನು ಅಷ್ಟು ಎದ್ರಿದ್ದೆ. ನಿನ್ ಕೈಲಿ ಸುಳ್ಳಾಡಿಸೋವಷ್ಟು. ನಿನ್ನ ಅಂಗೆ ಬುಟ್ಟು ನಾನ್ ಎಂಗ್ಲಾ ಓಗ್ಲಿ?"

ಅಕ್ಕನನ್ನು ಮಣ್ಣು ಮಾಡುವ ದಿನ, ಮೈ ತೊಳೆದ ಹೆಂಗಸರು ಆ ಚೀಲವನ್ನು ಹೊರಗೆ ತಂದು, ರವಿಕೆಯೊಳಗೆ ಇಡುವುದೋ ಬೇಡವೋ ಎಂದು ಕೇಳಿದರು. ಚೀಲದ ಹೊಲಿಗೆ ಬಿಟ್ಟು ಸಾಸಿವೆ ಉದುರುತ್ತಿತ್ತು. ಬುಟ್ಟಿಯಿಂದ ಬೇಯಿಸಿದ ನೂಲು ತಂದೆ. ಎರಡೆಳೆ ಹಾಕಿ ಬಾಯಿ ಹೊಲಿದು, ಜಾರದಂತೆ ಇಡಿ ಎಂದು ಕೊಟ್ಟೆ.